ದೀಪದ ಕಲ್ಲು

ಫೆ. 2, ಸೋಮವಾರ
ಶಾಲೆಯಲ್ಲಿ ಪಾಠ ಮುಗಿಸಿ ಮಂಡಿಕಲ್ ಬಸ್ಸು ಬರುವವರೆಗೆ ಎಂದಿನಂತೆ ಹೊಲದ ನಡುವಿನ ಹಳೇ ಗುಡಿಯಲ್ಲಿ. ಓದುತ್ತಿದ್ದದ್ದು ಅನುವಾದದ ಕಾದಂಬರಿ, ಪುಟ 212. ಮುಂದೆ ಹೋಗಲಿಲ್ಲ. ಬಾಗಿಲ ಪಕ್ಕದಲ್ಲಿ ದೀಪವಿಡುವ ಕಲ್ಲನ್ನು, ಗುಡಿ ನೋಡಿಕೊಳ್ಳುವ ಚಿಕ್ಕವೆಂಕಟಮ್ಮ ಶಿವರಾತ್ರಿಗೆಂದು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು. ಮಸಿ ಹೋದಲ್ಲಿ ಬಿಳಿ ಗೆರೆಗಳು.
"ಹೋದ್ವರ್ಷದ ಸುಣ್ಣ ಕಣಮ್ಮಣ್ಣಿ. ಬಳಿದ ದಿನಾನೇ ಒರೆಸ್ತೀನಿ, ಆದ್ರೂ ಕಲೆ ಹೋಗಲ್ಲ. ನಲವತ್ತು ವರ್ಷದಿಂದ ತಿಕ್ತಿದೀನಿ."
ಕಲೆಯಲ್ಲ — ಅಕ್ಷರ! ಕೊರೆದ ಅಕ್ಷರದೊಳಗೆ ಸುಣ್ಣ ಉಳಿದಿದೆ. "ಮಗಳು". ಕಾಲೇಜಿನಲ್ಲಿ ಕಲಿತ ಹಳೇ ಲಿಪಿ, ಆದರೂ ಅದಂತೂ ಖಚಿತ. ಬಸ್ಸು ತಪ್ಪಿತು.

ಫೆ. 5, ಗುರುವಾರ
ಈ ವರ್ಷ ಸುಣ್ಣ ಬಳಿಯುವ ಸರದಿ ಚಿಕ್ಕವೆಂಕಟಮ್ಮನವರ ಮಗ ವೆಂಕಟರವಣಪ್ಪನವರದು. ತಂದಿರುವುದು ನೀಲಿ ಆಯಿಲ್ ಪೇಂಟ್. ದೀಪದ ಕಲ್ಲಿಗೂ. ಬಳಿದರೆ ಅಕ್ಷರ ಮುಗಿದಂತೆ.
"ಸಂರಕ್ಷಿತ ಸ್ಮಾರಕ ಅಂತ ಬೋರ್ಡಿದೆಯಲ್ಲ..."
"ಬೋರ್ಡು ಅವ್ರದು ಮೇಡಂ, ದೇವ್ರು ನಮ್ದು."
ಕಲ್ಲಿನ ಮೇಲೆ ಬರಹವಿದೆ ಎಂದೆ. ಮುಖ ಅರಳಿತು.
"ನಮ್ಮ ತಾತಂದಿರ ಹೆಸರಿರ್ತದೆ. ಗುಡಿ ಕಟ್ಟಿಸಿದ್ದೇ ನಮ್ಮೋರು. ಭಾನುವಾರದೊಳಗೆ ಓದಿ ಹೇಳಿ. ನಮ್ಮೋರಾದ್ರೆ ಪೇಂಟ್ ಮುಟ್ಟಲ್ಲ."
ಪುರಾತತ್ವ ಇಲಾಖೆಗೆ ಫೋಟೋ ಕಳಿಸಿದೆ. ಹಬ್ಬ ಕಳೆದ ಮೇಲೆ ಬರುತ್ತಾರಂತೆ.

ಫೆ. 8, ಭಾನುವಾರ, ಬೆಳಗ್ಗೆ 7.10
ಗುಡಿಯಲ್ಲಿ. ಅಡ್ಡಬಿಸಿಲಿಗೆ ಗೆರೆಗಳೆಲ್ಲ ಎದ್ದು ಕಂಡವು. ಪೂರ್ತಿ ಓದಿದೆ!
"ಕುಂಬಾರ ಮಾರೆಯನ ಮಗಳು ಬೊಪ್ಪವ್ವೆ ಮಾಡಿಸಿದ ದೇಗುಲ."
ಒಂದಕ್ಷರವೂ ಊಹೆಯಲ್ಲ. ಕುಣಿಯಬೇಕೆನಿಸಿತು. ಎದ್ದು ಗುಡಿಗೆ ಒಂದು ಸುತ್ತು ಬಂದೆ, ಅಷ್ಟೆ.
ವೆಂಕಟರವಣಪ್ಪನವರು ಕುಂಬಾರರಲ್ಲ; ಬೊಪ್ಪವ್ವೆ ಅವರ ಮನೆಯವಳಲ್ಲ. ಒಂದು ಪದ ಬದಲಿಸಿ ಹೇಳಿದರೆ ಕಲ್ಲು ಉಳಿಯುತ್ತದೆ. ಪದ ಬದಲಿಸುವ ಅನುವಾದಕರನ್ನು ಇಷ್ಟು ವರ್ಷ ಬೈದವಳು ನಾನೇ...

8.30
ಇದ್ದದ್ದು ಇದ್ದಂತೆ ಓದಿದೆ. ವೆಂಕಟರವಣಪ್ಪ ಡಬ್ಬದ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿದರು. ಚಿಕ್ಕವೆಂಕಟಮ್ಮ ಕಲ್ಲಿಗೆ ಅಡ್ಡ ಕೂತುಬಿಟ್ಟರು.
"ಹೆಂಗಸು ಕಟ್ಟಿಸಿದ್ದಾ? ಇನ್ನೊಂದ್ಸಲ ಓದಮ್ಮಣ್ಣಿ."
ಓದಿದೆ.
"ಏಮಿರಾ, ಆಯಮ್ಮನ ಹೆಸರಿನ ಮೇಲೆ ಬಳೀತೀಯಾ? ಮೊದ್ಲು ನನಗೆ ಬಳಿ."
"ಏಳಮ್ಮ, ಯಾರಾದ್ರೂ ನೋಡ್ತಾರೆ."
"ನೋಡ್ಲಿ. ಏಳಲ್ಲ ಕಣೋ."
ವೆಂಕಟರವಣಪ್ಪ ಮುಚ್ಚಳ ಮತ್ತೆ ಒತ್ತಿ ಹಾಕಿದರು. ಆಮೇಲೆ ಡಬ್ಬ ಎತ್ತಿ ಗಾಡಿಗೆ ಕಟ್ಟಿದರು. ನನ್ನ ಕಡೆ ನೋಡದೆ, "ಸುಣ್ಣ ನೆನೆಹಾಕ್ಬೇಕು" ಎಂದು ಹೊರಟರು.
ಉಳಿಯಿತು!! ಇಲ್ಲೇ ಕೂತು ಬರೆಯುತ್ತಿದ್ದೇನೆ.
ಚಿಕ್ಕವೆಂಕಟಮ್ಮ ಇನ್ನೂ ಎದ್ದಿಲ್ಲ. ಬೆರಳು ಮೊದಲ ಅಕ್ಷರದ ಮೇಲೆ.
"ಇದೇನು?"
"ಕುಂ."
"ಇದು?"
"ಬಾ."
"ಆಯಮ್ಮನ ಹೆಸರು ಎಲ್ಲಿಂದ ಶುರು? ಅದು ಬಿಟ್ಟು ಏನ್ ಬರೀತಾ ಕೂತಿದೀಯಮ್ಮ, ಬಾ ಇಲ್ಲಿ, ತೋರ್—"