ಹೆಬ್ಬೆರಳಿಗೆ ಸಿಕ್ಕ ಕಿರುರೆಕ್ಕೆ

ಲ್ಯಾಂಟರ್ನ್ ಪಾಯಿಂಟ್,
ವಿಡ್ಬೀ ದ್ವೀಪ
ಸೆಪ್ಟೆಂಬರ್ ೧೭

ಪ್ರೀತಿಯ ಆರ್ವಿಡ್, ಮತ್ತು ಇದನ್ನು ಅವನಿಗೆ ಓದಿ ಹೇಳುತ್ತಿರುವ ಸೋಲ್ವೈಗ್ ಅತ್ತಿಗೆ,

ಮೊದಲು ಅತ್ತಿಗೆಗೆ ಒಂದು ಮಾತು. ಹೋದ ಸಲದ ಕಾಗದದಲ್ಲಿ ಬೈಗುಳವಿದ್ದ ಕಡೆಯೆಲ್ಲ ನೀವು ಹಾರಿಸಿ ಓದಿದಿರೆಂದು ಫೋನಿನಲ್ಲಿ ನಿಮ್ಮ ಬಾಯಿಂದಲೇ ಗೊತ್ತಾಯಿತು. ಈ ಸಲ ಹಾಗೆ ಮಾಡಬೇಡಿ. ಅವನು ನನ್ನ ಗಂಡ, ನನ್ನ ಬೈಗುಳ ಅವನಿಗೆ ಹೊಸದಲ್ಲ. ನನ್ನೊಡನೆ ಫೋನಿನಲ್ಲಿ ಮಾತಾಡಲು ಅವನು ಒಪ್ಪುತ್ತಿಲ್ಲ, ಅವನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಹೀಗಾಗಿ ನಿಮ್ಮ ಗಂಟಲನ್ನು ಎರವಲು ತೆಗೆದುಕೊಂಡಿದ್ದೇನೆ. ಪಕ್ಕದಲ್ಲಿ ಒಂದು ಲೋಟ ನೀರಿಟ್ಟುಕೊಂಡು ಕೂತುಕೊಳ್ಳಿ.

ಆರ್ವಿಡ್, ನಾನು ಕೋಹೊ ಮೀನು ಹಿಡಿದೆ. ದಡದಲ್ಲಿ ನಿಂತು, ನಿನ್ನ ಹಸಿರು ಗಾಳದ ಕೋಲಿನಲ್ಲಿ, ಯಾರ ಕೈಗೂ ಕೋಲು ಕೊಡದೆ, ನಾನೇ. ಇಷ್ಟು ವರ್ಷ ನೀನು ಹಿಡಿದು ತಂದದ್ದನ್ನು ಉಪ್ಪು ಸವರಿ ಹೊಗೆಗೆ ಹಾಕಿದವಳು ನಾನು. ಫ್ಲಾಸ್ಕಿನಲ್ಲಿ ಕಾಫಿ, ಬುತ್ತಿಯಲ್ಲಿ ಏಲಕ್ಕಿ ಬ್ರೆಡ್ಡು ಹೊತ್ತು ತಂದು, ತೇಲಿಬಂದ ದಿಮ್ಮಿಯ ಮೇಲೆ ಕೂತು ನಿನ್ನ ಬೆನ್ನನ್ನು ನೋಡುತ್ತಿದ್ದವಳು. ಕಡಲನ್ನು ನೋಡಿದ್ದಕ್ಕಿಂತ ನಿನ್ನ ಬೆನ್ನು ನೋಡಿದ್ದೇ ಹೆಚ್ಚು. ಅಂಥವಳು ಈಗ ರಬ್ಬರ್ ಉಡುಪು ಎದೆವರೆಗೆ ಎಳೆದುಕೊಂಡು ನೀರಿಗಿಳಿಯುತ್ತಿದ್ದೇನೆ. ನಿನ್ನ ಉಡುಪು ನನಗೆ ದೊಡ್ಡದು, ಹೊಟ್ಟೆಯ ಹತ್ತಿರ ಮಾತ್ರ ಸರಿಹೋಗುತ್ತದೆ.

ಈ ವರ್ಷವೂ ನಿಯಮ ಹಳೆಯದೇ. ಅತ್ತಿಗೆ, ನೀವು ಸೇಬಿನ ತೋಟದವರು, ನಿಮಗಾಗಿ ಬಿಡಿಸಿ ಹೇಳುತ್ತೇನೆ. ಕೋಹೊ ಮೀನಿಗೆ ಬೆನ್ನಿನ ನಡುವೆ ಒಂದು ದೊಡ್ಡ ರೆಕ್ಕೆ, ಬಾಲಕ್ಕೆ ಹತ್ತಿರ ಇನ್ನೊಂದು ಪುಟಾಣಿ ಕಿರುರೆಕ್ಕೆ. ಸಾಕಣೆ ಕೇಂದ್ರದಲ್ಲಿ ಬೆಳೆಸುವ ಮರಿಗಳಿಗೆ ಆ ಕಿರುರೆಕ್ಕೆಯನ್ನು ಕತ್ತರಿಸಿ ಹೊಳೆಗೆ ಬಿಡುತ್ತಾರೆ. ದೊಡ್ಡದಾಗಿ ತಿರುಗಿ ಬಂದಾಗ ಆ ಜಾಗ ಬೋಳಾಗಿದ್ದರೆ ಮನೆಗೆ ತರಬಹುದು. ಕಿರುರೆಕ್ಕೆ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಮೀನು. ಅದನ್ನು ನೀರಿನಿಂದ ಮೇಲೆತ್ತುವಂತೆಯೂ ಇಲ್ಲ, ಇದ್ದಲ್ಲೇ ಗಾಳ ಬಿಡಿಸಿ ಕಳಿಸಬೇಕು. ನಮ್ಮ ದಡದಲ್ಲಿ ಇದಕ್ಕೊಂದು ಪದ್ಧತಿಯಿದೆ. ಮೀನು ಮೊಣಕಾಲುದ್ದ ನೀರಿಗೆ ಬಂದಾಗ ಹಿಡಿದವರು ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ "ಬೋಳು" ಎಂದೋ "ರೆಕ್ಕೆ" ಎಂದೋ ಕೂಗಬೇಕು. ಆ ಪದ್ಧತಿ ಹಾಕಿಕೊಟ್ಟವನು ನಿಮ್ಮ ತಮ್ಮ.

ಆರ್ವಿಡ್, ಹೋದ ವರ್ಷದ ಆ ದಿನದ ಸುದ್ದಿ ಎತ್ತಬಾರದೆಂದು ನೀನು ಹೇಳಿದ್ದೆ. ಎತ್ತುತ್ತೇನೆ. ನೀನು ಬಗ್ಗಿ ನೋಡಿದೆ, "ಬೋಳು" ಎಂದು ಕೂಗಿದೆ, ಮೀನನ್ನು ದಡಕ್ಕೆಳೆದು ಬಡಿದೆ. ತಪಾಸಣೆಗೆ ಬಂದ ಮೀನು ಇಲಾಖೆಯ ಜೋಲೀನ್ ಅದನ್ನು ತಿರುಗಿಸಿ ನೋಡಿದರೆ ಕಿರುರೆಕ್ಕೆ ನೆಟ್ಟಗೆ ನಿಂತಿತ್ತು. ಅವಳು ದಂಡದ ಚೀಟಿ ಬರೆದಳು, ನೀನು ತೆಗೆದುಕೊಂಡೆ. ಆಸೆಗೆ ಬಿದ್ದು ಸುಳ್ಳು ಕೂಗಿದನೆಂದು ಜನ ಅಂದುಕೊಳ್ಳಲಿ ಎಂದು ಬಿಟ್ಟೆಯೇ ಹೊರತು, ನನಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಳಲಿಲ್ಲ. ನನಗೂ ಹೇಳಲಿಲ್ಲ. ಡಾಕ್ಟರು ಹೇಳಿದ ಮೇಲೆ ನನಗೆ ಗೊತ್ತಾದದ್ದು. "ನೋಡೋಕಾಗ್ದೋನು ಕಡಲಂಚಲ್ಲಿ ನಿಂತು ಏನ್ಮಾಡ್ಲಿ, ದೀಪದ ಕಂಬ ಆಗ್ಲಾ?" ಎಂದು ಹೇಳಿ, ಬೆಟ್ಟ ದಾಟಿ, ಅಲೆಯ ಸದ್ದೇ ಕೇಳಿಸದ ಅಕ್ಕನ ಮನೆ ಸೇರಿದೆ. ಆ ಕೋಪ ನನಗಿನ್ನೂ ಇದೆ. ಅತ್ತಿಗೆ, ಇದನ್ನು ಹಾರಿಸಬೇಡಿ.

ಈಗ ಮೀನಿನ ವಿಷಯ. ಇಳಿತ ಮುಗಿದು ನೀರು ತಿರುಗುವ ಹೊತ್ತು. ನಾನು ದಡದ ದಕ್ಷಿಣದ ತುದಿಯಲ್ಲಿ ನಿಂತಿದ್ದೆ. ಈಚೆಗೆ ನನ್ನ ಎರಡೂ ಕಡೆ ಜನ ದೂರ ದೂರ ನಿಲ್ಲುತ್ತಾರೆ, ನನ್ನ ಗಾಳ ಎತ್ತ ಹಾರುತ್ತದೋ ಎಂಬ ಭಯ ಅವರಿಗೆ. ನೆನಿತಾ ಒಬ್ಬಳು ಧೈರ್ಯಮಾಡಿ ಕೂಗಳತೆಯಲ್ಲಿ ಇರುತ್ತಾಳೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅವಳಿಗೆ ಬೇರೆ ರೋಗಿ ಸಿಕ್ಕಿಲ್ಲವಲ್ಲ, ನನ್ನನ್ನೇ ನೋಡಿಕೊಳ್ಳುತ್ತಾಳೆ. ಸಂಜೆಯ ಬಿಸಿಲು ನೀರಿಗೆ ಬಿದ್ದು ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣು ಬಿಡುವಂತಿರಲಿಲ್ಲ. ಮುಚ್ಚಿಕೊಂಡೇ ಎಸೆದೆ, ಮುಚ್ಚಿಕೊಂಡೇ ರೀಲು ಸುತ್ತಿದೆ.

ಕಣ್ಣು ಮುಚ್ಚಿದರೆ ಕಡಲು ಎಷ್ಟು ಹತ್ತಿರ ಬರುತ್ತದೆಂದು ನಿನಗೆ ಗೊತ್ತಿರಬೇಕು. ಅಲೆ ಎಳೆದುಕೊಂಡಾಗ ಉರುಟು ಕಲ್ಲುಗಳು ಒಂದರ ಮೇಲೊಂದು ಉರುಳುವ ಸದ್ದು. ಬಲಕ್ಕೆ ಎಲ್ಲೋ ಸೀಲ್ ಪ್ರಾಣಿಯೊಂದು ಮೂಗಿನಿಂದ ಉಸಿರು ಬಿಟ್ಟದ್ದು. ನೀರು ಎತ್ತ ಹರಿಯುತ್ತಿದೆ ಎನ್ನುವುದು ಮೊಣಕಾಲಿಗೇ ತಿಳಿಯುತ್ತದೆ. ಎಳೆಯ ತುದಿಗೆ ಕಟ್ಟಿದ ಹುಸಿಮೀನು ನೀರಿನೊಳಗೆ ಅಲ್ಲಾಡುವುದು ಬೆರಳಿಗೆ ಗೊತ್ತಾಗುತ್ತದೆ, ಅದಕ್ಕೆ ಪಾಚಿ ಸಿಕ್ಕರೆ ಆ ಅಲ್ಲಾಟ ನಿಲ್ಲುವುದೂ ಗೊತ್ತಾಗುತ್ತದೆ. ಇಷ್ಟೆಲ್ಲ ಇತ್ತೇ ಇಲ್ಲಿ ಎಂದು ಬೆರಗಾದೆ. ಆಗ ಆ ಕಡೆಯಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಎರಡು ಸಲ ಬಡಿಯಿತು. ಮರುಗಳಿಗೆಗೆ ಬಾಗಿಲನ್ನೇ ಕಿತ್ತುಕೊಂಡು ಓಡಿದ ಹಾಗಾಯಿತು.

"ಮೀನು" ಎಂದು ಕೂಗಿದರೆ ಅಕ್ಕಪಕ್ಕದವರು ತಮ್ಮ ಗಾಳ ಎಳೆದುಕೊಂಡು ದಾರಿ ಬಿಡುತ್ತಾರಷ್ಟೆ. ನಾನು "ಆರ್ವಿಡ್" ಎಂದು ಕೂಗಿದೆನಂತೆ.

"ಗಂಡನ ಹೆಸರು ಕೂಗಿದ್ರೆ ಯಾರ್ ದಾರಿ ಬಿಡ್ತಾರೆ ತಾಯಿ? ಮೀನು ಅನ್ನು ಲೆಂಪಿ ಅಕ್ಕ, ಮೀನು ಅನ್ನು!" ಎಂದು ನೆನಿತಾ ಕಿರುಚಿದಳು.

ಎಳೆ ಇದ್ದಕ್ಕಿದ್ದಂತೆ ಸಡಿಲಾಯಿತು. ಹೋಯಿತು ಎಂದುಕೊಂಡೆ. ಆದರೆ ನೀನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಮಾತು ತಲೆಯಲ್ಲಿತ್ತು, ಕೋಹೊ ತಪ್ಪಿಸಿಕೊಂಡು ಹೋಗುವುದಿಲ್ಲ, ನಿನ್ನ ಮೇಲೇ ಓಡಿ ಬರುತ್ತದೆ. ಹುಚ್ಚಿಯಂತೆ ರೀಲು ಸುತ್ತಿದೆ. ಎಳೆ ಮತ್ತೆ ಬಿಗಿಯಾಯಿತು. ಮೀನು ನೆಗೆದು ಬಿದ್ದ ಸದ್ದು ಕೇಳಿತು, ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದಂತೆ. ತೋಳುಗಳು ಸೋತು ಹೋದವು. ಕೊನೆಗೆ ಅದು ನನ್ನ ಕಾಲಿಗೆ ತಾಗಿತು.

ಬಗ್ಗಿ, ಎಡಗೈಯನ್ನು ನೀರಿನೊಳಗೇ ಅದರ ಹೊಟ್ಟೆಯ ಅಡಿಗೆ ಕೊಟ್ಟೆ. ನೋಡಲು ಆಗುತ್ತಿಲ್ಲ, ಆದರೂ ಕೂಗಬೇಕು. ಬಲಗೈಯ ಹೆಬ್ಬೆರಳನ್ನು ಬೆನ್ನ ಮೇಲೆ ಇಟ್ಟು ಮೆಲ್ಲಗೆ ಬಾಲದ ಕಡೆ ಜಾರಿಸಿದೆ. ದೊಡ್ಡ ರೆಕ್ಕೆ ಸಿಕ್ಕಿತು, ಕಡ್ಡಿಕಡ್ಡಿಯಾಗಿ. ಆಮೇಲೆ ನುಣುಪು. ಇನ್ನೂ ನುಣುಪು. ಒಳ್ಳೆಯ ತೂಕದ ಮೀನು, ನನ್ನ ಮೊದಲ ಮೀನು, ನಿನಗೆ ಹೊಗೆಯಾಡಿಸಿ ಕಳಿಸುವೆನೆಂದು ಮನಸ್ಸಿನಲ್ಲೇ ಕಟ್ಟಿಗೆ ಜೋಡಿಸಿದ್ದೆ. "ಬೋಳು" ಎನ್ನಲು ಬಾಯಿ ತೆರೆದಿದ್ದೆ. ಆಗ ಹೆಬ್ಬೆರಳಿಗೆ ಅದು ತಾಗಿತು. ಮೂಳೆಯಿಲ್ಲ, ಕಡ್ಡಿಯಿಲ್ಲ, ಎಳೆಗೂಸಿನ ಕಿವಿಹಾಲೆಯಷ್ಟು ಮೆತ್ತಗೆ. ಬಾಗಿಸಿದರೆ ಬಾಗಿತು, ಬಿಟ್ಟರೆ ನಿಂತಿತು.

ಹೆಬ್ಬೆರಳನ್ನು ಅದರ ಮೇಲೆ ಇನ್ನೊಮ್ಮೆ ಆಡಿಸಿದೆ, ಆರ್ವಿಡ್. ಬೋಳು ಮೀನುಗಳೆಲ್ಲ ಮನುಷ್ಯರ ನಡುವೆ ಬೆಳೆದು ಬಂದವು. ಇದು ಯಾವುದೋ ಹೊಳೆಯ ಕಲ್ಲಿನ ಸಂದಿಯಲ್ಲಿ ಹುಟ್ಟಿ, ಕಡಲು ಸೇರಿ, ಸೀಲಿನ ಬಾಯಿ ತಪ್ಪಿಸಿ ಅದೇ ಹೊಳೆಗೆ ಹೊರಟದ್ದು. ಇದರ ಮೈಮೇಲೆ ಬಿದ್ದ ಮನುಷ್ಯರ ಮೊದಲ ಕೈ ನನ್ನದು. ಹೊಟ್ಟೆಯಡಿಯ ಅಂಗೈಗೆ ಅದರ ಜೀವ ಮಿಡಿಯುವುದು ತಿಳಿಯುತ್ತಿತ್ತು. ಚರ್ಚಿನಲ್ಲೂ ನಾನು ಹಾಗೆ ತಲೆತಗ್ಗಿಸಿ ನಿಂತವಳಲ್ಲ.

"ರೆಕ್ಕೆ!" ಎಂದು ಕೂಗಿದೆ. ಗಾಳಕ್ಕೆ ಹಿಮ್ಮುಳ್ಳಿಲ್ಲದ್ದರಿಂದ ಸುಲಭವಾಗಿ ಬಿಟ್ಟುಕೊಂಡಿತು. ಕೈ ತೆರೆದರೂ ಮೀನು ತಕ್ಷಣ ಹೋಗಲಿಲ್ಲ, ಅಂಗೈಯಲ್ಲೇ ನಿಂತು ಉಸಿರು ತೆಗೆದುಕೊಂಡಿತು. ಆಮೇಲೆ ಬಾಲದಿಂದ ಒಮ್ಮೆ ನನ್ನ ಮುಖಕ್ಕೆ ನೀರು ಹೊಡೆದು ಹೊರಟುಹೋಯಿತು. ನೆನಿತಾ ಓಡಿ ಬಂದು ಅಪ್ಪಿಕೊಂಡಳು. ಇಬ್ಬರೂ ಅಳುತ್ತಿದ್ದೆವು, ಅವಳು ಯಾಕೆ ಅತ್ತಳೋ ಅವಳನ್ನೇ ಕೇಳಬೇಕು.

ಜೋಲೀನ್ ಆ ಸಂಜೆ ತಪಾಸಣೆಗೆ ಬಂದಿದ್ದಳು. ನಾನು ಕೇಳಿಯೇಬಿಟ್ಟೆ, ರೆಕ್ಕೆಯನ್ನು ಕಣ್ಣಲ್ಲಿ ನೋಡಿಯೇ ತಿಳಿಯಬೇಕೆಂದು ನಿಮ್ಮ ನಿಯಮದಲ್ಲಿ ಇದೆಯೇ ಎಂದು. ಅವಳು ತಲೆ ಕೆರೆದುಕೊಂಡಳು.

"ರೆಕ್ಕೆ ಇರೋದನ್ನ ಇಟ್ಕೋಬಾರ್ದು ಅಂತಿದೆ ಆಂಟಿ. ಹೇಗ್ ತಿಳ್ಕೊಂಡ್ರಿ ಅಂತ ಯಾರೂ ಕೇಳಲ್ಲ." ಆಮೇಲೆ ದನಿ ತಗ್ಗಿಸಿ, "ನಂಗೂ ಗಾಳ ಕಟ್ಟೋಕೆ ಕಲ್ಸಿದ್ದು ಅವ್ರೇ. ಅವತ್ತು ಅವ್ರಿಗೇ ಚೀಟಿ ಬರೀಬೇಕಾಯ್ತು. ಕಣ್ಣಿನ್ ವಿಷ್ಯ ಆಮೇಲ್ ಗೊತ್ತಾಯ್ತು. ದಡದಲ್ಲಿ ಯಾರೂ ಅವ್ರನ್ನ ಕಳ್ಳ ಅನ್ಕೊಂಡಿಲ್ಲ. ಬರೋಕ್ ಹೇಳಿ" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಮೀನಿನ ಕಾಲ ಈ ತಿಂಗಳ ಕೊನೆಯವರೆಗೆ ಇದೆ. ಶನಿವಾರ ನೆನಿತಾಳ ಕಾರಿನಲ್ಲಿ ಬೆಟ್ಟ ದಾಟಿ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಅಂಗಳದಲ್ಲಿ ಕೂತು ಅತ್ತಿಗೆಯ ಕಾಫಿ ಕುಡಿಯುತ್ತೇನೆ, ಅವರ ಕಾಫಿ ಎಷ್ಟು ನೀರಾಗಿರುತ್ತದೆಂದು ನಿನಗೆ ಗೊತ್ತು, ಅಷ್ಟು ಶಿಕ್ಷೆ ನನಗೆ ಕೊಡಬೇಡ. ದೀಪದ ಕಂಬ ನನಗೆ ಬೇಡ. ನನ್ನ ಪಕ್ಕದಲ್ಲಿ ನಿಂತು, ನನ್ನ ಎಸೆತ ಕೆಟ್ಟದೆಂದು ಬೈಯುವ ಗಂಡ ಬೇಕು. ಕೂಗುವ ಸರದಿ ಬಂದಾಗ ನಿನ್ನ ಹೆಬ್ಬೆರಳು ಸುಳ್ಳು ಹೇಳುವುದಿಲ್ಲ.

ನಿನ್ನವಳೇ ಆದ,
ಲೆಂಪಿ

ಮರೆತ ಮಾತು: ಅತ್ತಿಗೆ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ, ಇದು ನಿಮಗೆ ಮಾತ್ರ. ಆ ಸಂಜೆ ಬಿಸಿಲೇ ಇರಲಿಲ್ಲ, ಮೋಡ ಮುಚ್ಚಿತ್ತು. ಮೀನಿನ ಕಾಲ ಶುರುವಾದಾಗಿನಿಂದ ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ನೀರಿಗಿಳಿಯುತ್ತಿದ್ದೇನೆ. ಜನ ದೂರ ನಿಲ್ಲುವುದು ಅದಕ್ಕೆ. ಕಣ್ಣು ಕಾಣದೆ ಇದು ಆಗುತ್ತದೋ ಇಲ್ಲವೋ ನಾನೇ ಮಾಡಿ ತಿಳಿಯದೆ ಅವನನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಈಗಲೇ ಹೇಳಿದರೆ ಕನಿಕರವೆಂದು ಮುಖ ತಿರುಗಿಸುತ್ತಾನೆ, ಇಲ್ಲಿ ಬಂದು ನಿಂತ ಮೇಲೆ ನಾನೇ ಹೇಳುತ್ತೇನೆ. ಮೊದಲ ದಿನ ಬಟ್ಟೆ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೆ ಹೋದಾಗ ಭಯದಿಂದ ಕೂಗಿಕೊಂಡೆ, ನೆನಿತಾ ಬಂದು ಕೈ ಹಿಡಿದಳು. ಹೋದ ವರ್ಷವಿಡೀ ಅವನು ಅದೇ ನೀರಿನಲ್ಲಿ ಬಾಯಿ ಬಿಡದೆ ನಿಂತಿದ್ದ, ನಾನು ದಿಮ್ಮಿಯ ಮೇಲೆ ಕೂತು ಅವನ ಬೆನ್ನು ನೋಡುತ್ತಿದ್ದೆ.