ಹತ್ತಕ್ಕೆ ಇಳಿದ ಮುಪ್ಪು

ಕೆಳಗದಗ ಪಟ್ಟಣ
ವೈಶಾಖದ ಐವತ್ತೆರಡನೆಯ ದಿನ, ೨೨೯೧

ಮಾನ್ಯ ಸಭಿಕರೇ,

ಹೌದು, ಐವತ್ತೆರಡನೆಯ ದಿನ. ನಮ್ಮಲ್ಲಿ ಬಿಸಿಲು ಇಳಿಯುವವರೆಗೆ ವೈಶಾಖ ಮುಗಿಯುವುದಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ಒರಟೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಲಿತದ್ದು ನಾಟಕದ ಕನ್ನಡ, ಕಡೆಯ ಸಾಲಿನಲ್ಲಿ ಕೂತವನಿಗೂ ಮುಟ್ಟಲೆಂದು ಎದೆಯಿಂದ ಎತ್ತಿ ಆಡುವ ಕನ್ನಡ. ನೀವಾದರೋ ಎರಡೂವರೆ ಶತಮಾನ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಸ್ವಲ್ಪ ಗಟ್ಟಿಯಾಗಿಯೇ ಆಡಬೇಕಾಗಿದೆ. ನನ್ನ ಹೆಸರು ನೀಲಗಂಗಾ, ನಾಟಕ ಕಂಪನಿಯೊಂದರ ಒಡತಿ. ನಮ್ಮ ಕಂಪನಿ ಈಗ ನಾಟಕ ಆಡುವುದಿಲ್ಲ. ಜನರಿಗೆ ಮುಪ್ಪು ಕಲಿಸುತ್ತದೆ.

ಹಾಗೆಂದರೇನು, ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಎಪ್ಪತ್ತು ತುಂಬಿದ ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ ಇತ್ತಂತೆ. ಅದನ್ನು ಅರವತ್ತಕ್ಕೆ ಇಳಿಸಿ ಎಂದು ನೀವು ಕೇಳುತ್ತಿದ್ದಿರಂತೆ. ಕೇಳಿದ್ದು ಸರಿಯೇ, ತಪ್ಪು ಅಲ್ಲಿಲ್ಲ. ಅರವತ್ತಕ್ಕೆ ಇಳಿಯಿತು, ಎಷ್ಟೋ ತಾಯಂದಿರು ಬದುಕಿಕೊಂಡರು. ಆಮೇಲೆ ಐವತ್ತಕ್ಕೆ ಇಳಿಯಿತು. ಪ್ರತಿ ಸಲವೂ ವಯಸ್ಸಿನ ಗೆರೆಯೊಳಗೆ ಬಂದವರು ಪೇಡೆ ಹಂಚಿ ಮನೆಗೆ ಹೋದರು. ಹೊರಗುಳಿದವರಿಗೆ ಮುಂದಿನ ಚುನಾವಣೆಯನ್ನು ತೋರಿಸಲಾಯಿತು. ಹೀಗೆ ಇಳಿದು ಇಳಿದು ನನ್ನ ಕಾಲಕ್ಕೆ ಹತ್ತು ವರ್ಷಕ್ಕೆ ಬಂದು ನಿಂತಿದೆ. ಆದರೆ ಈ ವಿಮೆ ಹಿರಿಯರಿಗೆ ಮಾತ್ರ ಎಂಬ ಮಾತನ್ನು ಕಾಯ್ದೆಯಿಂದ ಯಾರೂ ತೆಗೆಯಲಿಲ್ಲ. ಹತ್ತು ತುಂಬಿದ ಮಕ್ಕಳೆಲ್ಲ ಹಿರಿಯರಾದರು. ಹಿರಿಯರಂತೆ ಬಾಳದವರ ವಿಮೆ ಕಾರ್ಡು ರದ್ದು ಎಂಬ ತಿದ್ದುಪಡಿಯೂ ಬಂತು.

ನಮ್ಮ ಊರಿನ ಬೀದಿಯನ್ನು ನೀವು ನೋಡಬೇಕು. ಬಸ್ಸು ನಡೆಸುವವನು ಇಪ್ಪತ್ತೈದರ ತರುಣ; ಗೇರು ಹಾಕುವಾಗ ಕೈ ನಡುಗಿಸುತ್ತಾನೆ. ಹಜಾಮನ ಅಂಗಡಿಯಲ್ಲಿ ಕೂದಲಿಗೆ ಬಿಳಿ ಹಚ್ಚುತ್ತಾರೆ. ಸಂಜೆ ಕೆರೆಯ ದಂಡೆಯ ಮೇಲೆ ಹನ್ನೊಂದರ ಹುಡುಗರು ಶಾಲು ಹೊದ್ದು, ಕೋಲು ಊರಿ, ಮಂಡಿನೋವಿನ ಮಾತಾಡುತ್ತ ಕೂತಿರುತ್ತಾರೆ. ಚೆಂಡು ಉರುಳಿ ಬಂದರೆ ಅದು ತಾನಾಗಿ ನಿಲ್ಲುವವರೆಗೂ ನೋಡುತ್ತಾರೆ. ಮುಟ್ಟುವುದಿಲ್ಲ. ಇಡೀ ಊರಿನಲ್ಲಿ ಓಡುವ ಸಪ್ಪಳವೇ ಇಲ್ಲ. ನಟನೆಯೆಂದು ಶುರುವಾದದ್ದು ಈಗ ನಟನೆಯಾಗಿ ಉಳಿದಿದೆಯೋ ಇಲ್ಲವೋ, ನಾಲ್ಕು ದಶಕ ಬಣ್ಣ ಹಚ್ಚಿದ ನನಗೂ ಗೊತ್ತಾಗುವುದಿಲ್ಲ.

ಹತ್ತರ ಕೆಳಗಿನವರಿಗೆ ಕಾರ್ಡು ಸಿಗಲು ಒಂದೇ ದಾರಿ. ತಮ್ಮ ದೇಹಕ್ಕೆ ವಯಸ್ಸಾಗಿದೆಯೆಂದು ಮುಪ್ಪುಗನ್ನಡಿಯ ಮುಂದೆ ತೋರಿಸಬೇಕು. ಅದು ಆಸ್ಪತ್ರೆಯಲ್ಲಿಟ್ಟಿರುವ ಆಳೆತ್ತರದ ಗಾಜು. ಮೊದಲು ನಡಿಗೆ ನೋಡುತ್ತದೆ, ಆಮೇಲೆ ದನಿ ಕೇಳುತ್ತದೆ, ಕಡೆಗೆ ಒಂದು ಹಳೆಯ ನೆನಪನ್ನು ಕೇಳುತ್ತದೆ. ಆ ಗಾಜಿಗೆ ನಿಲ್ಲುವಂತೆ ಜನರನ್ನು ತಯಾರು ಮಾಡುವುದೇ ನನ್ನ ಕಸುಬು.

ನನ್ನ ಮೊಮ್ಮಗಳು ಸುಗಂಧಿಗೆ ಆರು ವರ್ಷ. ಅವಳ ಹೃದಯದಲ್ಲಿ ರಂಧ್ರವಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಮಳೆಗಾಲದೊಳಗೆ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. ಕಾರ್ಡಿಲ್ಲದೆ ವಾರ್ಡಿಗೆ ಸೇರಿಸುವ ಹಾಗಿರಲಿಲ್ಲ. ಆದರೂ ನಾನು ಹಿಂಜರಿದೆ. ಮಗಳು ಪಾರಿಜಾತ ಒಂದು ದಿನ ತಡೆಯಲಾರದೆ ಅಂದಳು: “ಊರ ಮಂದಿಗೆಲ್ಲಾ ಮುಪ್ಪು ಕಲಿಸೀದಿ, ಯವ್ವಾ. ಮನೀ ಕೂಸಿಗೆ ಕಲ್ಸಾಕ ಯಾವ ಮುಹೂರ್ತ ನೋಡಾಕತ್ತೀದಿ?”

ರಂಗದ ಮೇಲೆ ಸುಗಂಧಿಯನ್ನು ನಿಲ್ಲಿಸಿದೆ. ಕೂರುವ ಮೊದಲು ನೆಲಕ್ಕೆ ಕೈ ಊರುವುದು, ಏಳುವಾಗ ಶಿವನೇ ಎನ್ನುವುದು, ಯಾರಾದರೂ ಕರೆದರೆ ಕತ್ತಿನ ಜೊತೆ ಇಡೀ ಮೈ ತಿರುಗಿಸುವುದು, ಎಲ್ಲ ಕಲಿಸಿದೆ. ಅವಳು ನನ್ನನ್ನು ಆಯಿ ಎನ್ನುತ್ತಿದ್ದಳು. “ಆಯಿ, ಮುದುಕ್ಯಾರೆಲ್ಲಾ ಎದ್ದಾಗೊಮ್ಮೆ ಶಿವನ್ನ ಕರದ್ರ ಅವಗ ಬ್ಯಾರೆ ಕೆಲಸ ಇಲ್ಲೇನು?” ಎಂದು ನಕ್ಕಳು. ನಗಬೇಡ ಎಂದು ಗದರಿದೆ. ನಕ್ಕರೆ ಉಸಿರು ಕಟ್ಟುತ್ತಿತ್ತು. ಕನ್ನಡಿಗೆ ಹೇಳಲೆಂದು ಒಂದು ಸುಳ್ಳು ನೆನಪನ್ನೂ ಕಟ್ಟಿಕೊಟ್ಟೆ: ಮದುವೆಯ ದಿನ ಮಳೆ ಬಂತು, ಸೀರೆ ತೊಯ್ದಿತು, ಅಷ್ಟೇ.

ಆ ದಿನ ಅವಳು ಗಾಜಿನ ಮುಂದೆ ನಡೆದ ರೀತಿಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅಧಿಕಾರಿ ಮಲ್ಲಸರ್ಜ ಕಾಯ್ದೆಯಂತೆ ಎದ್ದು ನಿಂತು ಕೇಳಿದ: “ಹಿರ್ಯಾರ, ನಿಮಗ ನೆನಪಿರೋದೊಂದು ಹೇಳ್ರಿ.”

ಮದುವೆಯ ಮಾತು ಅವಳ ಬಾಯಿಂದ ಬರಲಿಲ್ಲ. “ಆಸ್ಪತ್ರಿ ಖಿಡಕಿ ಮುಂದ ಪಾಳಿ ಹಚ್ಚಿದ್ದೆ” ಎಂದಳು. “ಹೊಟ್ಟಿ ಬ್ಯಾನಿ. ನಿಲ್ಲಾಕ ಆಗಲಿಲ್ಲ. ಪಾಳಿಯೊಳಗ ಚಪ್ಪಲಿ ಬಿಟ್ಟು ಬೇವಿನ ನೆಳ್ಳಿಗೆ ಕುಂತೆ. ಖಿಡಕಿ ಹುಡುಗ ಬಂದು ನೋಡಿದ. ಒಂದು ವರ್ಷ ಕಡಿಮಿ ಐತಿ ಯಕ್ಕಾ, ಬರೋ ವರ್ಷ ಬಾ ಅಂದ. ಹೂಂ ಅಂದೆ. ಹಿಂದಿನವ್ರು ನನ್ನ ಚಪ್ಪಲಿ ಕಾಲಿಲೆ ಮುಂದ ಮುಂದ ದೂಡಿದ್ರು. ಚಪ್ಪಲಿ ಖಿಡಕಿ ಮುಟ್ಟಿದ್ವು. ನಾ ಅಲ್ಲೇ ಉಳದೆ.”

ಆ ದನಿ ನಾನು ಕಲಿಸಿದ ದನಿಯಲ್ಲ. ಅಂಥ ಕಿಟಕಿ, ಅಂಥ ಪಾಳಿಯ ಸಾಲು ನನ್ನ ಕಾಲದಲ್ಲಿ ಇಲ್ಲವೇ ಇಲ್ಲ. ಸುಗಂಧಿ ನಿಂತಿದ್ದಳು, ಗಾಜಿನೊಳಗಿನ ಬಿಂಬ ಕೂತಿತ್ತು, ಹೊಟ್ಟೆ ಹಿಡಿದುಕೊಂಡು. ಹಸಿರು ದೀಪ ಹತ್ತಿತು. ಮಲ್ಲಸರ್ಜ ಬಗ್ಗಿ ಅವಳ ಕಾಲು ಮುಟ್ಟಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ರಂಧ್ರ ಮುಚ್ಚಿದೆ, ತುಟಿ ಕೆಂಪಗಿದೆ, ಎಷ್ಟು ಮೆಟ್ಟಿಲನ್ನಾದರೂ ಹತ್ತಬಲ್ಲಳು. ಹತ್ತುವುದಿಲ್ಲ. ಇದು ಮುಗಿಯಿತವ್ವಾ, ಬಣ್ಣ ಒರೆಸು, ಇನ್ನು ಓಡು ಎಂದು ನಾನು ಎಷ್ಟು ಹೇಳಿದರೂ ಕೇಳಿಸದವಳಂತೆ ಕೂತಿರುತ್ತಾಳೆ. ಪಾರಿಜಾತ ಅವಳ ಮುಂದೆ ಕುಂಟಾಟ ಆಡಿ ತೋರಿಸುತ್ತಾಳೆ, ಆಡುತ್ತ ಆಡುತ್ತ ಅಳುತ್ತಾಳೆ. ಸುಗಂಧಿ ಸಮಾಧಾನ ಮಾಡುತ್ತಾಳೆ: “ಅಳಬ್ಯಾಡ ಕೂಸ, ಬರೋ ವರ್ಷ ಆಕ್ಕತಿ.” ನನಗೂ ಈಗ ಕೂಸ ಎಂದೇ ಅನ್ನುತ್ತಾಳೆ.

ಸಭಿಕರೇ, ಸುಗಂಧಿಯೊಳಗೆ ಕೂತು ಮಾತಾಡುವ ಆ ಹೆಂಗಸು ನಿಮ್ಮ ಕಾಲದವಳು. ನಾನು ಲೆಕ್ಕ ಹಾಕಿ ಹೇಳುತ್ತಿಲ್ಲ, ಅವಳ ಬಾಯಲ್ಲಿ ಕೇಳಿ ಹೇಳುತ್ತಿದ್ದೇನೆ. ನಿಮ್ಮ ಯಾವುದೋ ಊರಿನ ಬೇವಿನ ಕೆಳಗೆ ಅವಳು ಇನ್ನೂ ಕೂತಿರಬಹುದು. ಹೋಗಿ ಎಬ್ಬಿಸಿ, ಒಳಗೆ ಕರೆದುಕೊಂಡು ಹೋಗಿ. ವಯಸ್ಸು ಕೇಳಬೇಡಿ. ಗೆರೆಯನ್ನು ಇಷ್ಟಿಷ್ಟೇ ಇಳಿಸಿ ಕೈ ತೊಳೆದುಕೊಳ್ಳಬೇಡಿ, ಹುಟ್ಟಿದ ಕೂಸಿನವರೆಗೂ ಅಳಿಸಿಬಿಡಿ. ಗೆರೆಯ ಹೊರಗೆ ಸತ್ತವರಿಗೆ ಹೋಗಲು ಜಾಗವಿಲ್ಲ. ಗೆರೆ ಎಲ್ಲಿಗೆ ಇಳಿಯುತ್ತದೋ ಅಲ್ಲಿಗೆ ಅವರೂ ಇಳಿದು ಬರುತ್ತಾರೆ. ಅಲ್ಲಿ ಅವಳಿಗೆ ಔಷಧ ಸಿಕ್ಕರೆ ಇಲ್ಲಿ ನನ್ನ ಮೊಮ್ಮಗಳನ್ನು ಬಿಟ್ಟುಕೊಟ್ಟಾಳು ಎಂಬ ಆಸೆ ನನ್ನದು.

ಇದನ್ನು ಬರೆಯುವಾಗ ಸುಗಂಧಿ ಪಕ್ಕದಲ್ಲಿ ಬಂದು ಕೂತಳು, ಮೊದಲು ಕೈ ಊರಿ, ಆಮೇಲೆ. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಿದಳು. ನಮಗಿಂತ ಹಿರಿಯರಿಗೆ ಎಂದೆ.

ನನ್ನ ತಲೆಯ ಮೇಲೆ ಕೈಯಿಟ್ಟು ಅಂದಳು: “ನನಗಿಂತ ಹಿರ್ಯಾರು ಇನ್ನ ಯಾರ ಅದಾರ, ಕೂಸ?”