ಬಿದ್ದು ಎದ್ದವನ ನಮಸ್ಕಾರ

ಸಕಾಯ್, ಜೂನ್

ಮಾನ್ಯ ನಿಶಿಗಾಕಿ ಸಾನ್ ಅವರಿಗೆ,

ಮಳೆಗಾಲ ಶುರುವಾಗಿದೆ. ನಿಮ್ಮ ಕಚೇರಿಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಹೊಡೆದಾಟದ ವಿಡಿಯೋ ಗೇಮಿನ ಕರಾಟೆ ಮುದುಕನಿಗೆ ಮೈಯೆಲ್ಲ ತಂತಿ ಕಟ್ಟಿಸಿಕೊಂಡು, ಕ್ಯಾಮೆರಾ ಮುಂದೆ ಆಡಿ ತೋರಿಸಿ, ತಮ್ಮದೇ ನಡಿಗೆ, ಒದೆತ ಕೊಟ್ಟವರು ನನ್ನ ಯಜಮಾನರು. ಅವನ ಬಲವೆಲ್ಲ ಆ ಒದೆತದಲ್ಲಿದೆ. ದೌರ್ಬಲ್ಯ ಒಂದೇ: ಬಿದ್ದು ಎದ್ದಾಗಲೆಲ್ಲ ಕೆಡವಿದವನಿಗೆ ತಲೆಬಾಗುತ್ತಾನೆ. ನಮ್ಮ ಕರಾಟೆ ಶಾಲೆಯ ರೂಢಿ ಅದು. ನಿಮ್ಮ ಕ್ಯಾಮೆರಾ ಮುಂದೆಯೂ ಯಜಮಾನರು ಬಿಡಲಿಲ್ಲ. ಸ್ಟೇಷನ್ ಪಕ್ಕದ ಗೇಮ್ ಅಂಗಡಿಯಲ್ಲಿ ಹುಡುಗರು ನಗುತ್ತಾರೆ: "ಅಜ್ಜ ಬಗ್ಗಿದ ನೋಡೋ, ಈಗ ಹಾಕು ಒಂದು. ಇವನನ್ನ ತಗೊಂಡೋನು ಸೋತ ಹಾಗೇ."

ಹೊಸ ಆವೃತ್ತಿಯಲ್ಲಿ ಆ ಬಾಗುವುದನ್ನು ತೆಗೆದು ಸರಿಪಡಿಸುತ್ತೀರಂತೆ. ಆಟಕ್ಕೆ ಒಳ್ಳೆಯದೇ. ಬೇಡವೆನ್ನಲು ನಾನು ಯಾರು?

ಪಾರ್ಶ್ವವಾಯು ಬಡಿದ ಮೇಲೆ ಯಜಮಾನರಿಗೆ ನನ್ನ ಗುರುತು ಸಿಗುವುದಿಲ್ಲ. "ಯಾರಮ್ಮಾ ನೀವು? ಮನೆಗೆ ಹೋಗಲ್ವಾ?" ಅನ್ನುತ್ತಾರೆ. ಆದರೆ ಗೇಮ್ ಹಾಕಿ ಮುದುಕನನ್ನು ನಾನು ಕೆಡವಿದರೆ, ಅವನು ಎದ್ದು ಬಾಗುವಾಗ ಇವರೂ ಹಾಸಿಗೆಯಿಂದಲೇ ನನ್ನತ್ತ ತಿರುಗಿ ತಲೆಬಾಗುತ್ತಾರೆ.

ಮನೆಯಲ್ಲಿರುವ ಗೇಮ್ ತಾನಾಗಿಯೇ ಹೊಸದಾಗಿಬಿಡುತ್ತದಂತೆ. ಹಾಗಾಗದಿರಲು ಯಾವ ಗುಂಡಿ ಒತ್ತಬೇಕು, ದಯವಿಟ್ಟು ತಿಳಿಸಿ.

ತಲೆಬಾಗಿ,
ಕುವಾಬಾತಾ ತೋಮೆ